ನಯಾಗರಕ್ಕೆ ಹೋದ ಜೊತೆ ಮೊರ

ಚೌಳಹಿರಿಯೂರು

ನಯಾಗರ ನೋಡಿ ಬಂದವರು ಮನೆಗೆ ಬಂದವರನ್ನೆಲ್ಲ ಹಿಡಿದು ಕೂರಿಸಿ ಫೋಟೋ ತೋರಿಸುತ್ತಾರೆ. ನಾನು ತೆಗೆದ ಫೋಟೋಗಳ ಕಥೆ ಕೇಳಬೇಡಿ. ಕ್ಯಾಮೆರಾದ ಬೆನ್ನು ತೆಗೆದು ಒಳಗೆ ಏನಿದೆ ಎಂದು ನೋಡಿದೆ, ರೀಲೆಲ್ಲ ಬೆಳಕಿಗೆ ಬಿದ್ದು ಹಾಳಾಯಿತು. ಈಗ ಯಾರಾದರೂ ಕೇಳಿದರೆ ತೋರಿಸಲು ಇರುವುದು ನಮ್ಮ ಅಡುಗೆಮನೆಯ ಮೊಳೆಗೆ ನೇತುಹಾಕಿದ ಒಂದು ಬಿದಿರಿನ ಮೊರ. ಹೋಗುವಾಗ ಎರಡಿದ್ದವು, ಬರುವಾಗ ಒಂದೇ ಬಂತು.

ನನ್ನ ತಂಗಿ ಶಾರದಾ ಇರುವುದು ಕೆನಡಾದ ಹ್ಯಾಮಿಲ್ಟನ್ ಎಂಬ ಊರಿನಲ್ಲಿ. ಅವಳ ಗಂಡ ವಿಶ್ವನಾಥ ಅಜ್ಜಂಪುರದವನು, ದನದ ಡಾಕ್ಟರು. ಅಮೃತಮಹಲ್ ದನಗಳ ಕೊಂಬು ನೋಡಿಕೊಂಡು ಬೆಳೆದವನು ಎಪ್ಪತ್ತನೆಯ ಇಸವಿಯ ಸುಮಾರಿಗೆ ಮೇಲಿನ ಓದಿಗೆಂದು ಕೆನಡಾಕ್ಕೆ ಹೋದ, ಅಲ್ಲಿಯ ದಪ್ಪ ಕೆಚ್ಚಲಿನ ಹಸುಗಳಿಗೆ ಮರುಳಾಗಿ ಅಲ್ಲೇ ಉಳಿದುಬಿಟ್ಟ. ಶಾರಿ ಆಸ್ಪತ್ರೆಯಲ್ಲಿ ನರ್ಸ್ ಆದಳು. ಊರಿಗೆ ಬಂದಾಗಲೆಲ್ಲ ವಿಶ್ವನಾಥ ನನ್ನನ್ನು ಕರೆಯುತ್ತಿದ್ದ. "ಅಕ್ಕಾ, ಮದಗದ ಕೆರೆ ಕೋಡಿ ಬಿತ್ತು ಅಂದ್ರೆ ಸೆರಗು ಕಟ್ಕೊಂಡು ಓಡ್ತೀರಲ್ಲ, ನಮ್ಮೂರಿಗೆ ಬನ್ನಿ, ವರ್ಷಪೂರ್ತಿ ಬೀಳೋ ಕೋಡಿ ತೋರಿಸ್ತೀನಿ" ಎನ್ನುತ್ತಿದ್ದ. ಮೂರು ದಿನದ ಪ್ರವಾಸ ಎಂದು ಅವನೇ ಲೆಕ್ಕ ಹಾಕಿದ್ದ. ಜಲಪಾತ, ಆಮೇಲೆ ದ್ರಾಕ್ಷಿ ತೋಟಗಳು, ಆಮೇಲೆ ಹೊಳೆ ಹೋಗಿ ಸರೋವರ ಸೇರುವ ಜಾಗ. ನಾನು ಹೂಂ ಹೂಂ ಎನ್ನುತ್ತಿದ್ದೆ. ಒಂದು ಚಳಿಗಾಲ ಅವನ ಎದೆ ನಿಂತುಹೋಯಿತು.

ಆಮೇಲೆ ಶಾರಿ ಊರಿಗೆ ಬರಲೇ ಇಲ್ಲ. ಎರಡು ವರ್ಷವಾಯಿತು. ಕಡೂರಿನ ಪೋಸ್ಟಾಫೀಸಿನಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕುಳಿತು ಒಂದು ಸಲ ಮಾತಾಡಿದೆ. "ಹಬ್ಬಕ್ಕಾದ್ರೂ ಬಾರೇ" ಎಂದೆ. ಆ ಕಡೆಯಿಂದ ಗೊರಗೊರ ಸದ್ದಿನ ನಡುವೆ ಅವಳ ದನಿ ಬಂತು. "ಬಂದ್ರೆ ಗೌರಿ ಹಬ್ಬದ ದಿನ ನನ್ನನ್ನ ಎಲ್ಲಿ ಕೂರಿಸ್ತೀರಕ್ಕ?" ನಾನು ಬಾಯಿ ತೆರೆಯುವಷ್ಟರಲ್ಲಿ ಲೈನು ಕಟ್ಟಾಯಿತು. ಕಟ್ಟಾಗದಿದ್ದರೂ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಎಲ್ಲಿ ಕೂರಿಸುತ್ತೇವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ನಮ್ಮಮ್ಮ ಬೇಗ ಹೋದಳು. ತವರು ದೇವನೂರಿನ ಮನೆಯಲ್ಲಿ ನಮ್ಮಿಬ್ಬರನ್ನೂ ಸಾಕಿದವಳು ಸೋದರತ್ತೆ ನಂಜತ್ತೆ. ತಿಳಿವಳಿಕೆ ಬರುವ ಮೊದಲೇ ಗಂಡನನ್ನು ಕಳೆದುಕೊಂಡವಳು. ಗೌರಿ ಹಬ್ಬದ ಹಿಂದಿನ ದಿನ ಬೇಳೆಕಾಳು ಆರಿಸಿ, ಹಸನು ಮಾಡಿ, ಪೊಟ್ಟಣ ಕಟ್ಟುವವಳು ಅವಳೇ. ಮೊರಕ್ಕೆ ಅರಿಸಿನ ಹಚ್ಚಿದ ಕ್ಷಣದಿಂದ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ಮುತ್ತೈದೆಯರು ಬಾಗಿನ ಕೊಟ್ಟು ತೆಗೆದುಕೊಳ್ಳುವಾಗ ಹಿತ್ತಲ ಬಾಗಿಲ ಹತ್ತಿರ ಬೆನ್ನು ಹಾಕಿ ಕೂತು ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದಳು. ಆಮೇಲೆ ಅವಳು ನಮ್ಮ ಮನೆಗೇ ಬಂದಳು, ಇಲ್ಲೂ ಹಾಗೇ ಕೂರುತ್ತಿದ್ದಳು.

ಎಂಬತ್ತರ ದಶಕದ ನಡುವಿನ ಆ ವರ್ಷ ಶಾರಿ ಟಿಕೆಟ್ ಕಳಿಸಿದಳು. ಯಜಮಾನರು, "ಹೋಗ್ ಬಾ, ಈರುಳ್ಳಿ ಕೀಳೋ ಹೊತ್ಗೆ ಬಂದ್ಬಿಡು" ಎಂದರು. ನಾನು ಕಡೂರಿಗೆ ಹೋಗಿ ಒಂದು ಜೊತೆ ಹೊಸ ಮೊರ ತಂದೆ. ಪ್ರತಿ ಗೌರಿಗೂ ತವರಿನಿಂದ ಹೆಣ್ಣುಮಗಳಿಗೆ ಹೋಗುವ ಬಾಗಿನ, ಸಮುದ್ರ ದಾಟಿದ ಮೇಲೆ ಅವಳಿಗೆ ಒಂದು ವರ್ಷವೂ ಸಿಕ್ಕಿರಲಿಲ್ಲ. ನಂಜತ್ತೆ ಮೊರ ನೋಡಿದಳು, ನನ್ನ ಮುಖ ನೋಡಿದಳು.

"ಗಂಡ ಹೋದೋಳಿಗೆ ಬಾಗಿನ ಕೊಡ್ತಾರೇನೇ ರುಕ್ಕಿ? ತಗೊಂಡ್ಹೋಗ್ಬೇಡ. ಅವಳಿಗೂ ಸಂಕಟ, ನಿನ್ ಮುತ್ತೈದೆತನಕ್ಕೂ ಒಳ್ಳೇದಲ್ಲ."

ನಾನು ಮೊರವನ್ನು ಚೀಲದಲ್ಲಿ ಇಟ್ಟುಕೊಂಡೆ. ಅವಳೆದುರಿಗೆ ಅರಿಸಿನ ಹಚ್ಚಲಿಲ್ಲ ಅಷ್ಟೆ. ಬೆಂಗಳೂರಿನಲ್ಲಿ ನಾದಿನಿಯ ಮನೆಯಲ್ಲಿ ಹಚ್ಚಿ, ಒಣಗಿಸಿ, ತುಂಬಿ, ಒಂದರ ಮೇಲೊಂದು ಮುಚ್ಚಿ ದಾರ ಸುತ್ತಿದೆ.

ಟೊರಾಂಟೊ ವಿಮಾನ ನಿಲ್ದಾಣ

ದಾರಿಯುದ್ದಕ್ಕೂ ಮೊರ ನನ್ನ ತೊಡೆಯ ಮೇಲೇ ಇತ್ತು. ಗಗನಸಖಿ ಮೇಲಿನ ಗೂಡಿನಲ್ಲಿ ಇಡುತ್ತೇನೆಂದು ಎರಡು ಸಲ ಕೈಚಾಚಿದಳು. ಮಗು ಕಿತ್ತುಕೊಳ್ಳಲು ಬಂದವಳನ್ನು ನೋಡುವ ಹಾಗೆ ನೋಡಿದೆ, ಸುಮ್ಮನಾದಳು.

ಟೊರಾಂಟೊದಲ್ಲಿ ಸಾಮಾನು ತಪಾಸಣೆ ಮಾಡುವ ಅಧಿಕಾರಿಗೆ ಮಾತ್ರ ಆ ನೋಟ ನಾಟಲಿಲ್ಲ. ದಾರ ಬಿಚ್ಚಿಸಿದ. ತೆಂಗಿನಕಾಯಿ ಎತ್ತಿ ಅಲ್ಲಾಡಿಸಿ ನೋಡಿದ. ಹೆಸರುಕಾಳು, ತೊಗರಿಬೇಳೆ, ಅಕ್ಕಿ, ಅರಿಸಿನದ ಕೊಂಬು ಒಂದೊಂದಾಗಿ ಪಕ್ಕಕ್ಕೆ ಹೋದವು. ಬೀಜ, ಗೆಡ್ಡೆ ಯಾವುದೂ ಅವರ ದೇಶದೊಳಗೆ ಬರಕೂಡದಂತೆ. ನಮ್ಮ ಅಮಲ್ದಾರ್ ಕಚೇರಿಯಲ್ಲಿ ಮುಖ ಗಂಟಿಕ್ಕಿಕೊಂಡೇ ಕೆಲಸ ಮಾಡಿಕೊಡುತ್ತಾರೆ. ಇವನು ನಗುನಗುತ್ತಾ, ಮಾತಿಗೊಮ್ಮೆ ಅಮ್ಮಾ ತಾಯಿ ಎನ್ನುವ ಹಾಗೆ ಮೇಡಂ ಎನ್ನುತ್ತಾ, ಎಲ್ಲ ಕಿತ್ತುಕೊಂಡ. ಉಳಿದದ್ದು ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಬೆಲ್ಲದ ಅಚ್ಚು.

ಇದೆಲ್ಲ ಯಾತಕ್ಕೆ ಎಂದು ಅವನು ಕೇಳಿದ. ನನ್ನ ಇಂಗ್ಲಿಷು ಅಷ್ಟು ದೂರ ಹೋಗುವುದಿಲ್ಲ. ಅಲ್ಲೇ ನೆಲ ಒರೆಸುತ್ತಿದ್ದ ಹೆಂಗಸು ಲಾಹೋರಿನವಳು, ಉರ್ದುವಿನಲ್ಲಿ ಕೇಳಿದಳು. ಕಡೂರಿನ ಬಳೆ ಅಂಗಡಿಯ ಸಕೀನಾಬಿ ಚಿಕ್ಕಂದಿನಿಂದ ನನಗೆ ಬಳೆಯ ಜೊತೆ ಒಂದಷ್ಟು ದಖನಿ ಉರ್ದುವನ್ನೂ ತೊಡಿಸಿ ಕಳಿಸಿದ್ದಳು. ಆದರೆ ಗಂಡ ಸತ್ತ ತಂಗಿಗೆ, ಕೊಡಬಾರದ ಬಾಗಿನ, ಕೊಡಲು ತಂದಿದ್ದೇನೆ ಎಂದು ಯಾವ ಭಾಷೆಯಲ್ಲಿ ಹೇಳುವುದು? "ನದ್ದೀಕು ದೇನೇಕಾ ಜೀ," ಎಂದುಬಿಟ್ಟೆ. ನದಿಗೆ ಕೊಡುವುದಕ್ಕೆ. ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಅವನು ತಲೆಯಾಡಿಸಿ, ಅರ್ಧ ಖಾಲಿಯಾದ ಮೊರವನ್ನು ದಾರ ಸುತ್ತಿ ಜೋಪಾನವಾಗಿ ಕೊಟ್ಟ.

ಹೊರಗೆ ಶಾರಿ ನಿಂತಿದ್ದಳು. ಪ್ಯಾಂಟು, ಕತ್ತಿನವರೆಗೆ ಕತ್ತರಿಸಿದ ಕೂದಲು, ಮುಂಗೈಯಲ್ಲಿ ಗಡಿಯಾರ ಒಂದೇ. ಬೋಳು ಹಣೆ. ಫೋನಿನಲ್ಲಿ ಹಣೆ ಕಾಣುವುದಿಲ್ಲ, ಅದಕ್ಕೇ ನಾನು ಇಷ್ಟು ದಿನ ಧೈರ್ಯವಾಗಿದ್ದೆ. ಅಪ್ಪಿಕೊಂಡು ಅತ್ತಾದ ಮೇಲೆ ಅವಳ ಕಣ್ಣು ಮೊರದ ಮೇಲೆ ಬಿತ್ತು.

"ಅದೇನಕ್ಕ ಅದು?"

ಬಾಯಿಗೆ ಅದೇ ಸುಳ್ಳು ಬಂತು. "ಹೊಳೆಗೆ ಕಣೇ. ನಿಮ್ಮ ನಯಾಗರಕ್ಕೆ ಒಂದು ಬಾಗಿನ."

ಅವಳು ನಕ್ಕಳು. "ಕೆರೆ ಕೋಡಿ ಬಿದ್ರೆ ಕೊಡೋ ಹಂಗೆ? ಅಯ್ಯೋ ಅಕ್ಕ, ಅವ್ರು ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರು."

ಹ್ಯಾಮಿಲ್ಟನ್

ಅವಳ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಬಿಡಿಸಿಟ್ಟಿದ್ದಳು. ವಿಶ್ವನಾಥ ಹಿಂದೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದ ಜಾಗಗಳು ಹಾಗೇ ಇದ್ದವು. ಶಾರಿ ಅದರ ಮೇಲೆ ಬೆರಳಾಡಿಸುತ್ತಾ ಹೇಳಿದಳು, ಮೊದಲ ದಿನ ಜಲಪಾತ, ಎರಡನೆಯ ದಿನ ದ್ರಾಕ್ಷಿ ಸೀಮೆ, ಅಲ್ಲೊಬ್ಬ ಇಟಲಿಯ ಹೆಂಗಸಿನ ಮನೆಯಲ್ಲಿ ತಂಗುವುದು, ಮೂರನೆಯ ದಿನ ಹೊಳೆ ಸರೋವರ ಸೇರುವ ಕಡೆ. ಜಲಪಾತದ ಹತ್ತಿರ ನೀರಿಗೆ ಏನೂ ಹಾಕುವಂತಿಲ್ಲವಂತೆ. ಅದಕ್ಕೇ ಬಾಗಿನ ಬಿಡುವುದು ಮೂರನೆಯ ದಿನ. ಕ್ಯಾಲೆಂಡರು ನೋಡಿ, ಗೌರಿ ಹಬ್ಬ ಅದೇ ದಿನ ಬರುವಂತೆ ರಜೆ ಹಾಕಿದ್ದಳು. ನನ್ನ ಸುಳ್ಳಿನ ಸುತ್ತ ಅವಳು ಇಡೀ ಪ್ರವಾಸ ಕಟ್ಟುತ್ತಿದ್ದಳು. ಯಾವ ತಿರುವಿನಲ್ಲಿ ನಿಜ ಹೇಳಲಿ ಎಂದು ನಾನು ಅದೇ ನಕ್ಷೆ ನೋಡುತ್ತಿದ್ದೆ.

ಕಿತ್ತುಕೊಂಡ ಸಾಮಾನಿಗೆ ಬದಲಿ ಹುಡುಕಲು ಒಂದು ಅಂಗಡಿಗೆ ಹೋದೆವು. ಅಂಗಡಿ ಎಂದರೆ ಬೀರೂರಿನ ರೈಲ್ವೆ ಯಾರ್ಡಿನಷ್ಟು ಅಗಲ. ಮಾತಾಡುವವರೇ ಇಲ್ಲ. ಕಾಳು ಕೈಗೆ ಹಾಕಿಕೊಂಡು ನೋಡುವಂತಿಲ್ಲ, ಚೌಕಾಸಿಯಿಲ್ಲ. ಎಲ್ಲದಕ್ಕೂ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿಟ್ಟಿದ್ದಾರೆ. ಬಟಾಣಿ, ಹುರುಳಿಯ ದಾಯಾದಿಯಂತಿದ್ದ ಯಾವುದೋ ಕಂದು ಕಾಳು, ಉದ್ದನೆಯ ಅಕ್ಕಿ ತಂದೆವು. ಮನೆಗೆ ಬಂದು ಶಾರಿ ಎಲ್ಲ ಪೊಟ್ಟಣ ಕಟ್ಟಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮೊರ ಎರಡು ಗೇಣು ದೂರದಲ್ಲಿತ್ತು.

"ನೀನೇ ತುಂಬಕ್ಕ," ಎಂದು ಕೈ ಒರೆಸಿಕೊಂಡು ದೂರ ನಿಂತಳು.

ಜಲಪಾತ

ಜಲಪಾತದ ಸದ್ದು ಮೊದಲು ಬಂತು, ಆಮೇಲೆ ಮಂಜಿನಂಥ ಹನಿ, ಆಮೇಲೆ ನೀರು. ಅದರ ವರ್ಣನೆ ಎಲ್ಲರೂ ಮಾಡಿದ್ದಾರೆ, ನಾನು ಹೇಳುವುದೇನೂ ಇಲ್ಲ. ನನಗೆ ಮೊದಲು ಬಂದ ಯೋಚನೆ ಇಷ್ಟು: ಇಷ್ಟು ನೀರು, ಒಂದು ಹೊಲಕ್ಕೂ ಹೋಗುತ್ತಿಲ್ಲ. ಎಮ್ಮೆದೊಡ್ಡಿ ಕಾವಲಿನ ಕಡೆ ಬೇಸಗೆಯಲ್ಲಿ ದನಗಳು ಕುಂಟೆಯ ಕೆಸರು ನೆಕ್ಕುವುದನ್ನು ನೋಡಿದವಳಿಗೆ ಬೇರೆ ಯೋಚನೆ ಹೇಗೆ ಬರಬೇಕು? ಸಿಟ್ಟೇ ಬಂತು. ರಾತ್ರಿಯಾದರೆ ಕರೆಂಟು ತೆಗೆಯಲು ನೀರನ್ನು ಬೇರೆ ಕಡೆಗೆ ತಿರುಗಿಸಿ ಜಲಪಾತವನ್ನೇ ಸಣ್ಣ ಮಾಡುತ್ತಾರೆ ಎಂದು ಶಾರಿ ಹೇಳಿದಳು. ಹಾಗಾದರೆ ಇಲ್ಲೂ ಎಲ್ಲೋ ಒಬ್ಬ ನೀರುಗಂಟಿ ತೂಬಿನ ಮೇಲೆ ಕೂತಿದ್ದಾನೆ. ಅದು ಕೇಳಿ ಸ್ವಲ್ಪ ಸಮಾಧಾನವಾಯಿತು.

ದೋಣಿಯಲ್ಲಿ ಬುಡದವರೆಗೆ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಮೊದಲು ಎಲ್ಲರಿಗೂ ಒಂದೊಂದು ರೈನ್‌ಕೋಟು. ಸೀರೆಯ ಮೇಲೆ ಅದನ್ನು ತೊಟ್ಟ ನಾನು ಟಾರ್ಪಾಲು ಹೊದಿಸಿದ ಲಾರಿಯ ಹಾಗೆ ನಡೆದೆ. ಕೋಟು ಹಾಕಿದ ಮೇಲೆ ಯಾರ ಕೊರಳಲ್ಲಿ ಏನಿದೆ, ಯಾರ ಕೈಯಲ್ಲಿ ಏನಿಲ್ಲ, ಒಂದೂ ಕಾಣುವುದಿಲ್ಲ. ಶಾರಿಯೂ ನಾನೂ ಒಂದೇ ಥರ ಕಂಡೆವು. ನೀರು ಮುಖಕ್ಕೆ ರಾಚುತ್ತಿದ್ದಂತೆ ಅವಳು ನನ್ನ ತೋಳು ಹಿಡಿದುಕೊಂಡು ಏನೋ ಕೂಗಿದಳು. ಆ ಸದ್ದಿನಲ್ಲಿ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ದಡಕ್ಕೆ ಬಂದ ಮೇಲೆ ಏನಂದೆ ಎಂದು ಕೇಳಿದೆ. "ಏನಿಲ್ಲ ಬಿಡು" ಎಂದಳು.

ದಂಡೆಯ ಹುಲ್ಲಿನ ಮೇಲೆ ಕೂತು ಚಪಾತಿ ಚಟ್ನಿಪುಡಿ ತಿಂದೆವು. ತರೀಕೆರೆಯಿಂದ ಕಲ್ಹತ್ತಿಗಿರಿಗೆ ಹೋಗಿದ್ದು ನೆನಪಾಯಿತು. ನಂಜತ್ತೆ ನಮ್ಮಿಬ್ಬರನ್ನೂ ಕೈಹಿಡಿದು ಅಲ್ಲಿಯ ಧಾರೆಯ ಕೆಳಗೆ ನಿಲ್ಲಿಸಿದ್ದಳು. ನಯಾಗರದ ಮುಂದೆ ಆ ಧಾರೆ ಏನೇನೂ ಅಲ್ಲ, ಆದರೆ ಅದರ ಕೆಳಗೆ ತಲೆಯೊಡ್ಡಬಹುದು.

"ಅತ್ತೆ ಅವತ್ತು ನಕ್ಕಿದ್ಲು, ಜ್ಞಾಪಕ ಇದ್ಯಾ?" ಶಾರಿ ಕೇಳಿದಳು. "ನೀರು ಬಿದ್ದು ಉಸಿರು ಕಟ್ಟಿ, ಮಕ್ಕಳ ಥರ ನಕ್ಕಿದ್ಲು. ಆಮೇಲೆ ನಾನು ನೋಡ್ಲೇ ಇಲ್ಲ."

"ಈಗ್ಲೂ ನಗ್ತಾಳೆ, ನಮ್ಮ ಎಮ್ಮೆ ಯಜಮಾನ್ರನ್ನ ಒದ್ದಾಗ" ಎಂದೆ. ಶಾರಿ ನಗುತ್ತಾ ನಗುತ್ತಾ ಮುಖ ಆ ಕಡೆ ತಿರುಗಿಸಿದಳು. ಊರು ನೆನೆಸಿಕೊಂಡಾಗಲೆಲ್ಲ ಅವಳು ಹೀಗೇ ಮಾಡುತ್ತಿದ್ದಳು.

ದ್ರಾಕ್ಷಿ ಸೀಮೆ

ಜಲಪಾತದಿಂದ ಹೊಳೆಯ ಜೊತೆಯಲ್ಲೇ ರಸ್ತೆ ಹೋಗುತ್ತದೆ. ಸ್ವಲ್ಪ ದೂರ ಹೋದರೆ ಎರಡೂ ಕಡೆ ದ್ರಾಕ್ಷಿ. ನಮ್ಮಲ್ಲಿ ಚಪ್ಪರ ಹಾಕುತ್ತಾರೆ. ಇಲ್ಲಿ ಬಳ್ಳಿಗಳನ್ನು ತಂತಿಗೆ ಕಟ್ಟಿ ಡ್ರಿಲ್ ಮಾಡುವ ಶಾಲೆ ಮಕ್ಕಳ ಹಾಗೆ ಸಾಲು ನಿಲ್ಲಿಸಿದ್ದಾರೆ. ಕೊಯ್ಲಿನ ಕಾಲ. ಗಾಳಿಯಲ್ಲೆಲ್ಲ ಹಣ್ಣಾದ ವಾಸನೆ.

ವೈನು ಮಾಡುವ ಒಂದು ಕಡೆ ರುಚಿ ತೋರಿಸುತ್ತಾರೆಂದು ಶಾರಿ ಕರೆದುಕೊಂಡು ಹೋದಳು. ವಿಶ್ವನಾಥನ ಸುತ್ತಿನಲ್ಲಿ ಅದೂ ಇತ್ತು. ಟೈ ಕಟ್ಟಿದ ಹುಡುಗ ಲೋಟದಲ್ಲಿ ನಾಲ್ಕು ಹನಿ ಸುರಿದು, ಅಲ್ಲಾಡಿಸಿ, ಮೂಗು ಅದ್ದಿ, ಬಾಯಲ್ಲಿ ಮುಕ್ಕಳಿಸಿ, ಬಕೆಟ್ಟಿಗೆ ಉಗುಳಿದ. ಕಡೂರಿನ ಮಂಡಿಯಲ್ಲಿ ಬೆಲ್ಲ ನೋಡುವವರು ಒಂದು ಚೂರು ಬಾಯಿಗೆ ಹಾಕಿಕೊಂಡರೆ ನುಂಗುತ್ತಾರೆ, ಇಷ್ಟು ದುಂದು ಮಾಡುವುದಿಲ್ಲ. ನನಗೂ ಒಂದು ಲೋಟ ಕೊಟ್ಟ. ಮೂಸಿ ನೋಡಿದೆ. ಬಾಣಂತಿಯರಿಗೆ ಕೊಡುವ ದ್ರಾಕ್ಷಾರಿಷ್ಟದ ವಾಸನೆ. ಮೈಲಿಗೆ ಎನಿಸಲಿಲ್ಲ, ಔಷಧಿ ಎಂದುಕೊಂಡು ಒಂದು ಗುಟುಕು ನುಂಗಿದೆ. ಹುಡುಗ ಹೇಗಿದೆ ಎಂದು ಕೇಳಿದ್ದಕ್ಕೆ, ಇದನ್ನು ಕುಡಿದರೆ ಹಾಲು ಚೆನ್ನಾಗಿ ಬರುತ್ತದೆ ಎಂದು ಶಾರಿಯ ಕೈಲಿ ಹೇಳಿಸಿದೆ. ಅವಳು ಏನು ಹೇಳಿದಳೋ, ಅವನು ತುಂಬ ಸಂತೋಷಪಟ್ಟ.

ತಂಗಿದ್ದು ಅಸುಂತಾ ಎಂಬ ಹೆಂಗಸಿನ ಮನೆಯಲ್ಲಿ. ಮನೆಯ ಹಿಂದೆಯೇ ಅವಳ ದ್ರಾಕ್ಷಿ. ಆಪರೇಷನ್ ಆಗಿ ಶಾರಿಯ ವಾರ್ಡಿನಲ್ಲಿ ಇದ್ದಳಂತೆ, ಅಲ್ಲಿಂದ ಪರಿಚಯ. ಅರವತ್ತು ದಾಟಿದವಳು, ಕತ್ತಿನಿಂದ ಪಾದದವರೆಗೆ ಕರಿಯ ಬಟ್ಟೆ. ಗಂಡ ಸತ್ತ ದಿನದಿಂದ ಅವರ ಕಡೆಯ ಹೆಂಗಸರು ಕರಿಯದನ್ನೇ ಉಡುತ್ತಾರಂತೆ. ಇಷ್ಟು ದೂರ ಬಂದೂ ಅದೇ ಕಥೆಯೇ ಎನಿಸಿತು. ಆದರೆ ಕಿವಿಯಲ್ಲಿ ಕೆಂಪು ಕಲ್ಲಿನ ಓಲೆ ಹೊಳೆಯುತ್ತಿತ್ತು. ಅದೇನು ಎಂದು ಶಾರಿಯ ಕೈಲಿ ಕೇಳಿಸಿದೆ.

ಮದುವೆಯಲ್ಲಿ ಹಾಕಿದ್ದ ಓಲೆಯಂತೆ. ಕೊಯ್ಲು ಶುರುವಾದಾಗ ಹಾಕಿಕೊಳ್ಳುತ್ತಾಳೆ, ಮುಗಿದ ಮೇಲೆ ತೆಗೆದಿಡುತ್ತಾಳೆ. ಯಾರೂ ಏನೂ ಅನ್ನಲಿಲ್ಲವೇ ಎಂದು ಈ ಸಲ ಶಾರಿಯೇ ಕೇಳಿದಳು, ನಾನು ಕೇಳಿಸದೆಯೇ. ಅಸುಂತಾ ಕೈಯಲ್ಲಿದ್ದ ಟೊಮೆಟೊ ಹೆಚ್ಚುತ್ತಲೇ ಹೇಳಿದಳು, ನಾದಿನಿ ಒಂದು ವರ್ಷ ಮಾತು ಬಿಟ್ಟಿದ್ದಳು. ಚಳಿಗಾಲಕ್ಕೆ ಟೊಮೆಟೊ ಗೊಜ್ಜು ಕಾಯಿಸಿ ಸೀಸೆಗೆ ತುಂಬುವ ಹದ ಅಸುಂತಾಗೆ ಮಾತ್ರ ಗೊತ್ತು. ಮಾರನೆಯ ವರ್ಷ ನಾದಿನಿ ಖಾಲಿ ಸೀಸೆ ಹೊತ್ತುಕೊಂಡು ಬಂದಳು, ಓಲೆಯ ಮಾತೆತ್ತಲಿಲ್ಲ. ಶಾರಿ ಇದನ್ನು ನನಗೆ ಕನ್ನಡದಲ್ಲಿ ಹೇಳುವಾಗ ಮಧ್ಯೆ ಮಧ್ಯೆ ನಿಲ್ಲಿಸುತ್ತಿದ್ದಳು.

ಬೆಳಗ್ಗೆ ಹೊರಡುವಾಗ ಅಸುಂತಾ ನಮ್ಮ ಮೊರ ನೋಡಿದಳು. ಹೊಳೆಗೆ ಕೊಡುವುದು ಎಂದು ಶಾರಿ ವಿವರಿಸಿದಳು. ಅಸುಂತಾ ತೋಟದ ಕರಿ ದ್ರಾಕ್ಷಿಯ ಗೊಂಚಲು ತಂದು ಅದರೊಳಗೆ ಪೇರಿಸಿದಳು. ಮೊರ ಅಂಗಳದ ಬೆಂಚಿನ ತುದಿಯಲ್ಲಿತ್ತು, ಭಾರಕ್ಕೆ ವಾಲಿತು. ಶಾರಿ ಪಕ್ಕದಲ್ಲೇ ನಿಂತಿದ್ದಳು. ಅವಳ ಕೈ ಮುಂದೆ ಬಂತು, ಮೊರದ ಅಂಚಿನವರೆಗೂ ಬಂತು, ಅಲ್ಲಿಂದ ಹಿಂದಕ್ಕೆ ಹೋಯಿತು. ಮೊರ ನೆಲಕ್ಕೆ ಬಿತ್ತು. ದ್ರಾಕ್ಷಿ, ಬಟಾಣಿ ಎಲ್ಲ ಅಂಗಳದ ತುಂಬ ಹರಡಿದವು.

ಅಸುಂತಾ ಏನೋ ಗೊಣಗುತ್ತಾ ಆರಿಸತೊಡಗಿದಳು. ನಾನು ಶಾರಿಯ ಮುಖ ನೋಡಿದೆ, ಅವಳು ನೋಡಲಿಲ್ಲ. ಮೊದಲ ದಿನದಿಂದ ಅವಳು ಆ ಮೊರವನ್ನು ಒಂದು ಸಲವೂ ಮುಟ್ಟಿರಲಿಲ್ಲ. ಕಾರಿನಿಂದ ಇಳಿಸುವಾಗಲೂ ನೀನೇ ಎತ್ತಿಕೊ ಎನ್ನುತ್ತಿದ್ದಳು. ಬಸ್ಸಿನಷ್ಟು ಉದ್ದದ ಕಾರು ಓಡಿಸುವವಳು, ದಿನಕ್ಕೆ ಇಪ್ಪತ್ತು ಜನರಿಗೆ ಇಂಜೆಕ್ಷನ್ ಚುಚ್ಚುವವಳು, ಯಾರೂ ನೋಡದ ಈ ದೇಶದಲ್ಲೂ ನಂಜತ್ತೆಯ ಹಾಗೆ ಹಿತ್ತಲ ಬಾಗಿಲ ಹತ್ತಿರವೇ ಕೂತಿದ್ದಳು.

ಹೊಳೆ ಸರೋವರ ಸೇರುವಲ್ಲಿ

ಮೇಲೆ ಅಷ್ಟು ಅರಚಾಡಿದ ಹೊಳೆ ಇಲ್ಲಿ ಸದ್ದೇ ಇಲ್ಲದೆ ಸರೋವರದೊಳಗೆ ಹೋಗುತ್ತದೆ. ಆ ಕಡೆ ದಡ ಅಮೆರಿಕವಂತೆ. ಹುಲ್ಲುದಂಡೆ, ನಾಲ್ಕು ಕಲ್ಲು, ದಪ್ಪ ದಪ್ಪ ಬಾತುಗಳು. ಬೆಳಗಿನ ಹೊತ್ತು, ಜನವಿರಲಿಲ್ಲ. ನಾನು ಮೊರ ಹಿಡಿದು ಕಲ್ಲಿನ ಮೇಲೆ ಇಳಿದೆ. ಶಾರಿ ಹಿಂದೆ ನಿಂತಳು.

"ಹೂಂ, ಬಿಡಕ್ಕ. ಕಾಲು ಜಾರೀತು, ಹುಷಾರು."

ನಾನು ಬಗ್ಗಲಿಲ್ಲ. "ಶಾರಿ, ಇದು ಹೊಳೆಗೆ ತಂದಿದ್ದಲ್ಲ ಕಣೇ."

"ಮತ್ತೆ?"

"ನಿಂಗೆ ತಂದಿದ್ದು. ತವರುಮನೆ ಬಾಗಿನ. ನಿನ್ ಹಣೆ ನೋಡಿ ಬಾಯಿ ಬರ್ಲಿಲ್ಲ, ಹೊಳೆಗೆ ಅಂದ್ಬಿಟ್ಟೆ."

ಅಳುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂದಿತ್ತು.

"ನಂಜತ್ತೆಗೆ ಗೊತ್ತಾ?"

"ಗೊತ್ತು. ತಗೊಂಡ್ಹೋಗ್ಬೇಡ ಅಂದ್ಲು."

"ನೋಡ್ದಾ? ಇಲ್ಲಿ ಕೊಡೋದು ಸುಲಭ ಕಣಕ್ಕ. ಇಲ್ಲಿ ನೋಡೋಕೆ ಯಾರಿದ್ದಾರೆ, ಈ ಬಾತುಗಳಾ? ಕೊಟ್ಬಿಟ್ಟು ನೀನು ಊರಿಗೆ ಹೋಗ್ತೀಯ. ನಾನು ಅಲ್ಲಿಗೆ ಬಂದ್ರೆ ಕೊಡ್ತೀಯಾ? ಓಣಿಯೋರೆಲ್ಲ ಕೂತಿರೋವಾಗ, ಅತ್ತೆ ಎದುರಿಗೆ?"

ಅವಳು ಕೇಳಿದ್ದು ಟ್ರಂಕ್ ಕಾಲಿನ ಅದೇ ಪ್ರಶ್ನೆ. ಈ ಸಲ ಕಟ್ಟಾಗಲು ಲೈನು ಇರಲಿಲ್ಲ. ನಂಜತ್ತೆಯ ಮುಖ ಕಣ್ಣಮುಂದೆ ಬಂತು. ನಿಜ ಹೇಳುತ್ತೇನೆ, ಹೆದರಿಕೆಯಾಯಿತು.

"ಕೊಡ್ತೀನಿ" ಎಂದೆ. "ಎಲ್ಲಿ ಕೂರಿಸ್ತೀರಿ ಅಂತ ಕೇಳಿದ್ಯಲ್ಲ, ನನ್ ಪಕ್ಕದಲ್ಲಿ ಕೂರಿಸ್ತೀನಿ. ಅತ್ತೆ ಎದುರಿಗೇ."

"ಅವಳು ಊಟ ಬಿಟ್ರೆ?"

"ನಾನೂ ಬಿಡ್ತೀನಿ. ನೋಡೋಣ ಯಾರು ಮೊದ್ಲು ಸೋಲ್ತೀವಿ ಅಂತ."

ಅವಳು ಬೇಡವೆಂದುಕೊಂಡರೂ ನಕ್ಕಳು, ನಗುತ್ತಲೇ ಅಳು ಬಂತು. ಕಲ್ಲಿನ ಮೇಲೆ ಇಳಿದು ಬಂದಳು. ಬಾಗಿನ ತೆಗೆದುಕೊಳ್ಳುವವಳು ಮೊರದ ಮೇಲೆ ಸೆರಗು ಮುಚ್ಚಿಕೊಳ್ಳಬೇಕು. ಅವಳಿಗೆ ಸೆರಗಿಲ್ಲ, ಪ್ಯಾಂಟು ಕೋಟು. ನನ್ನ ಸೆರಗನ್ನೇ ಉದ್ದಕ್ಕೆ ಬಿಟ್ಟು ಅವಳ ಕೈಗಳ ಮೇಲೂ ಹೊದಿಸಿದೆ. ಆ ಮರೆಯಲ್ಲಿ ಅವಳ ಬೆರಳು ಮೊರದ ಅಂಚು ಮುಟ್ಟಿತು, ಆಮೇಲೆ ಬಿಗಿಯಾಗಿ ಹಿಡಿಯಿತು. ಇಬ್ಬರೂ ಹಾಗೇ ನಿಂತಿದ್ದೆವು. ದೂರದಲ್ಲಿ ನಾಯಿ ಓಡಾಡಿಸುತ್ತಿದ್ದ ಒಬ್ಬ ಮುದುಕ ಟೋಪಿ ಎತ್ತಿ ನಮಸ್ಕಾರ ಮಾಡಿ ಹೋದ.

"ದೋಣೀಲಿ ಕೂಗಿದ್ದು ಏನು ಅಂತ ಕೇಳಿದ್ಯಲ್ಲ" ಎಂದಳು. "ಊರಿಗೆ ಬರ್ಬೇಕು ಕಣಕ್ಕ ಅಂದೆ. ಯಾರಿಗೂ ಕೇಳಿಸ್ದೇ ಇರೋ ಕಡೆ ಒಂದ್ಸಲ ಕೂಗ್ಬೇಕು ಅನ್ಸಿತ್ತು."

ಹಣೆಗೆ ಕುಂಕುಮ ಇಡಲು ಹೋದೆ, ಅದು ಬೇಡವೆಂದಳು. ಬಲವಂತ ಮಾಡಲಿಲ್ಲ. ಬಳೆ ಹಾಕಿಕೊಂಡಳು, ಗಡಿಯಾರದ ಹಿಂದೆ. ಆಮೇಲೆ ಒಂದು ಕೆಲಸ ಮಾಡಿದಳು. ಮುಚ್ಚಳದ ಹಾಗೆ ಇದ್ದ ಮೇಲಿನ ಮೊರವನ್ನು ತೆಗೆದು ನನ್ನ ಕೈಗೆ ವಾಪಸು ಕೊಟ್ಟಳು.

"ಅರ್ಧ ಇಲ್ಲಿ ತಗೊಂಡೆ. ಇನ್ನರ್ಧ ಅಲ್ಲಿ ಕೊಡು. ನನ್ ಮೊರ ನಾನು ತತ್ತೀನಿ, ನಿನ್ ಮೊರ ನೀನು ಇಟ್ಟಿರು. ಮುಂದಿನ ಗೌರಿಗೆ ಬತ್ತೀನಿ. ಆದ್ರೆ ಅತ್ತೆಗೆ ನೀನೇ ಹೇಳ್ಬೇಕು. ಅವಳು ಬೇಡ ಅಂದ್ರೆ ಬರಲ್ಲ ಕಣಕ್ಕ. ನನ್ನ ಸಾಕ್ದೋಳು ಮುಖ ತಿರುಗಿಸೋದನ್ನ ನೋಡೋಕಾಗಲ್ಲ."

ಹೊಳೆಗೆ ಸುಳ್ಳು ಆಸೆ ತೋರಿಸಿದ್ದಕ್ಕೆ ಒಂದು ಹಿಡಿ ದ್ರಾಕ್ಷಿ ಹಾಕಿದೆ. ಬಾತುಗಳು ಬಂದು ತಿಂದುಬಿಟ್ಟವು. ಮಿಕ್ಕ ಗೊಂಚಲನ್ನು ಹುಲ್ಲಿನ ಮೇಲೆ ಕೂತು ನಾವಿಬ್ಬರೂ ಮುಗಿಸಿದೆವು. ಅದಾದ ಮೇಲೆ ಕಾರಿನಲ್ಲಿ ವಾಪಸು ಹೋಗುವಾಗ ಮೊರ ಅವಳ ತೊಡೆಯ ಮೇಲಿತ್ತು, ಹೀಗೆ ಓಡಿಸಿದರೆ ಪೊಲೀಸರು ಹಿಡಿಯುವುದಿಲ್ಲವೇ ಎಂದು ನನಗೆ ದಿಗಿಲಾಗಿತ್ತು.

ಬೊಂಬಾಯಿ, ಕಡೂರು, ಮನೆ

ಬೊಂಬಾಯಿಯ ಕಸ್ಟಮ್ಸಿನವನು ನನ್ನ ಪೆಟ್ಟಿಗೆಯಲ್ಲಿ ಟೇಪ್‌ರೆಕಾರ್ಡರು ಹುಡುಕಿದ. ಸಿಕ್ಕಿದ್ದು ಚಾಕಲೇಟು, ಸ್ವೆಟರು, ಒಂಟಿ ಮೊರ. ಕೆನಡಾದಿಂದ ಯಾರಾದರೂ ಮೊರ ತರುತ್ತಾರೆಯೇ ಎಂದು ಹಿಂದಿಯಲ್ಲಿ ಗದರಿದ. ಇದರ ಜೊತೆಯದು ಇನ್ನೂ ಅಲ್ಲೇ ಇದೆ, ಹಿಂದೆ ಬರುತ್ತದೆ ಎಂದೆ. ಹೋಗಮ್ಮ ಹೋಗು ಎನ್ನುವಂತೆ ಕೈ ಬೀಸಿದ.

ಮನೆಯಲ್ಲಿ ನಂಜತ್ತೆ ಪ್ರಯಾಣದ ವಿಚಾರವೆಲ್ಲ ಕೇಳಿದಳು. ನೀರು ಎಷ್ಟು ಎತ್ತರ, ಶಾರಿ ಸೊರಗಿದ್ದಾಳೋ ಹೇಗೆ, ಅಲ್ಲಿ ಮಜ್ಜಿಗೆ ಸಿಗುತ್ತದೋ. ಅವಳ ಕಣ್ಣು ಮೊರದ ಮೇಲೆ ಹೋಗಿ ಹೋಗಿ ಬರುತ್ತಿತ್ತು. "ಒಂಟಿ ಮೊರ ಮನೇಲಿ ಇಡಬಾರ್ದು" ಎಂದಳು ಕೊನೆಗೆ.

"ಒಂಟಿಯಲ್ಲ ಅತ್ತೆ. ಇನ್ನೊಂದು ಶಾರಿ ಹತ್ರ ಇದೆ. ಕೊಟ್ಟೆ, ತಗೊಂಡ್ಲು. ಮುಂದಿನ ಗೌರಿಗೆ ಅದನ್ನ ತತ್ತಾಳೆ. ನನ್ ಪಕ್ಕದಲ್ಲಿ ಕೂರ್ತಾಳೆ, ಎಲ್ಲರ ಎದುರಿಗೆ ಕೊಡ್ತೀನಿ. ನೀನು ಬೇಡ ಅಂದ್ರೆ ಬರಲ್ಲಂತೆ."

ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವಳು ಎದ್ದು ಹಿತ್ತಲಿಗೆ ಹೋದಳು. ಅವತ್ತು ಮಾತಿಲ್ಲ, ಮಾರನೆಯ ದಿನವೂ ಇಲ್ಲ. ಊಟ ಬಿಡಲಿಲ್ಲ, ಆದರೆ ನಾನು ಬಡಿಸಿದ್ದನ್ನು ಮುಖ ನೋಡದೆ ಉಂಡಳು. ನಾನು ಮೊರವನ್ನು ಅಡುಗೆಮನೆಯ ಮೊಳೆಗೆ ಹಾಕಿದೆ. ಈರುಳ್ಳಿ ಕೀಳುವ ಕೆಲಸ ಶುರುವಾಯಿತು. ಶಾರಿಗೆ ಏನೆಂದು ತಿಳಿಸಲಿ ಎಂದು ಹೊಲದಲ್ಲೂ ಅದೇ ಚಿಂತೆ.

ಒಂದು ಮಧ್ಯಾಹ್ನ ಹೊಲದಿಂದ ಬಂದಾಗ ಮೊಳೆ ಖಾಲಿಯಿತ್ತು. ಎಸೆದುಬಿಟ್ಟಳು ಎಂದುಕೊಂಡು ಹಿತ್ತಲಿಗೆ ಓಡಿದೆ. ಬಾವಿಕಟ್ಟೆಯ ಮೇಲೆ ನಂಜತ್ತೆ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ಮೊರ, ಪಕ್ಕದಲ್ಲಿ ಬಟ್ಟಲ ತುಂಬ ಅರಿಸಿನದ ನೀರು. ಹೋಗಿ ಬರುವ ಪ್ರಯಾಣದಲ್ಲಿ ಅರಿಸಿನವೆಲ್ಲ ಮಾಸಿಹೋಗಿತ್ತು. ಅವಳು ಕೈಯದ್ದಿ ಬಿದಿರಿನ ಸಂದಿ ಸಂದಿಗೂ ಹಚ್ಚುತ್ತಿದ್ದಳು. ನನಗೆ ಬುದ್ಧಿ ಬಂದ ದಿನದಿಂದ ಅವಳು ಅರಿಸಿನದ ಮೊರ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಎರಡೂ ಅಂಗೈ ಹಳದಿಯಾಗಿದ್ದವು.

ನಾನು ಬಂದದ್ದು ಗೊತ್ತಾಯಿತು, ತಲೆಯೆತ್ತಲಿಲ್ಲ. "ಹಿಂಗೇ ಬಿಟ್ರೆ ಹುಳ ಹಿಡೀತದೆ ಕಣೇ" ಎಂದಳು, ಜಗಳಕ್ಕೆ ಬಂದವಳ ಹಾಗೆ.

"ಹೂಂ" ಎಂದೆ.

ಇನ್ನಷ್ಟು ಹೊತ್ತು ಹಚ್ಚಿದಳು. ಆಮೇಲೆ ಕೇಳಿದಳು, "ಬರೋದು ಖಂಡಿತಾನಾ?"

"ನೀನು ಹೂಂ ಅಂದ್ರೆ."

ನಂಜತ್ತೆ ಮೊರವನ್ನು ಬಿಸಿಲಿಗೆ ಒರಗಿಸಿ ಇಟ್ಟಳು, ಅದು ನೆಟ್ಟಗೆ ನಿಂತಿತೇ ಎಂದು ನೋಡಿದಳು. "ಹಂಗಾದ್ರೆ ಒಳಗಿಂದ ಹೆಸರುಕಾಳು ತಂದ್ಕೊಡು," ಎಂದಳು. "ಆರಿಸಿಡ್ತೀನಿ."

ಗೌರಿ ಹಬ್ಬಕ್ಕೆ ಇನ್ನೂ ಹೆಚ್ಚುಕಡಿಮೆ ಒಂದು ವರ್ಷವಿತ್ತು. ನಾನು ಕಾಳು ತರಲು ಒಳಗೆ ಹೋದೆ.